ಬಣ್ಣ ಹಚ್ಚಬಾರದ ಯಂತ್ರ

ನಮ್ಮ ವಿಭಾಗದ ಗುರಿಗಳನ್ನು ನಾನು ಐದು ಸಲ ಟೈಪ್ ಮಾಡಿದ್ದೇನೆ. ಆಸ್ಪತ್ರೆಯ ಯಂತ್ರಗಳನ್ನು ಕಟ್ಟುವುದು, ಕಾಪಾಡುವುದು ಕಲಿಸುವ ನಾಲ್ಕು ವರ್ಷದ ಬಯೋಮೆಡಿಕಲ್ ಎಂಜಿನಿಯರಿಂಗ್ ಪದವಿ ನಮ್ಮದು. ಐದು ಗುರಿ, ಹನ್ನೊಂದು ನಿರೀಕ್ಷಿತ ಫಲಿತಾಂಶ. ಹೊಸ ಮುಖ್ಯಸ್ಥರು ಬಂದಾಗಲೆಲ್ಲ ‘ಸಮರ್ಥರಾಗುವರು’ ಎಂದಿದ್ದದ್ದನ್ನು ‘ಶಕ್ತರಾಗುವರು’ ಎಂದು ತಿದ್ದುತ್ತಾರೆ, ನಾನು ಇಡೀ ಕಡತವನ್ನು ಮತ್ತೆ ಬಡಿಯುತ್ತೇನೆ. ಕೊನೆಗೆ ಅದಕ್ಕೆ ಪ್ಲಾಸ್ಟಿಕ್ ಹೊದಿಸಿ ಮೆಟ್ಟಿಲ ಪಕ್ಕದ ಗೋಡೆಗೆ ಅಂಟಿಸುತ್ತಾರೆ. ಅದನ್ನು ನಿಂತು ಓದಿದವನನ್ನು ಇಪ್ಪತ್ತೆರಡು ವರ್ಷದಲ್ಲಿ ನಾನು ಒಬ್ಬನನ್ನೇ ಕಂಡಿದ್ದೇನೆ. ಅವನ ಹೆಸರು ಎರಿಯಾ ಕಮುಗಾಶಾ.

ಕಮುಗಾಶಾನಿಗೆ ಪದವಿ ಇರಲಿಲ್ಲ. ನಮ್ಮ ನ್ಯಾಮಿಕೊ ಊರಿನ ಆಸ್ಪತ್ರೆಯ ರಿಪೇರಿ ಕೋಣೆಗೆ ಯುವಕನಾಗಿದ್ದಾಗ ಸೇರಿದವನು, ಮೂವತ್ತೊಂದು ವರ್ಷ ಅಲ್ಲೇ ಸವೆದ. ಅಲ್ಲಿ ಅವನು ಮುಟ್ಟದ ಯಂತ್ರವಿಲ್ಲ. ನಮ್ಮ ಪದವಿ ಶುರುವಾದಾಗ, ಕೊನೆಯ ವರ್ಷದ ವಿದ್ಯಾರ್ಥಿಗಳು ಹತ್ತು ವಾರ ಆಸ್ಪತ್ರೆಯಲ್ಲಿ ಕೆಲಸ ಕಲಿಯಬೇಕು ಎಂದಾಯಿತು. ಕಲಿಸಲು ಬೇರೆ ಯಾರೂ ಇರಲಿಲ್ಲ. ಹೀಗಾಗಿ ಪ್ರತಿ ವಿದ್ಯಾರ್ಥಿಯ ಪುಸ್ತಕದಲ್ಲಿ ಹನ್ನೊಂದು ಫಲಿತಾಂಶದ ಎದುರು ಗುರುತು ಹಾಕಿ ಸಹಿ ಮಾಡುವ ಅಧಿಕಾರ ಇವನಿಗೆ ಬಂತು.

ಆ ಸಹಿಯ ಮೇಲೆ ಅವನಿಗೆ ಪ್ರಾಣ. ಊರಿನಲ್ಲಿ ಜನ ಅವನನ್ನು ‘ಒಮುಶೊಮೇಸಾ’ ಎಂದು ಕರೆಯುತ್ತಿದ್ದರು, ಮೇಷ್ಟ್ರೇ ಎನ್ನುವ ಹಾಗೆ. ಬರೀ ಪಾನಾ, ಸ್ಕ್ರೂಡ್ರೈವರ್ ಹಿಡಿದವನನ್ನು ನಮ್ಮಲ್ಲಿ ಯಾರೂ ಹಾಗೆ ಕರೆಯುವುದಿಲ್ಲ. ಚರ್ಚಿನಲ್ಲಿ ಅವನ ಹೆಂಡತಿಗೆ ಮುಂದಿನ ಸಾಲಿನ ಬೆಂಚು ಸಿಕ್ಕಿದ್ದೂ ಅದೇ ಹೆಸರಿನಿಂದ. ಅವನು ಅದನ್ನೆಲ್ಲ ಬಾಯಿಬಿಟ್ಟು ಹೇಳಿದವನಲ್ಲ. ಆದರೆ ಸಹಿ ಮಾಡುವ ದಿನ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬರುತ್ತಿದ್ದ.

ಸಹಿ ಮಾಡುವುದು ನನ್ನ ಮೇಜಿನ ಮೇಲೆ, ಶುಕ್ರವಾರ, ಚಹಾದ ಜೊತೆ. ನನ್ನ ಕೆಟಲ್ ಅವನೇ ಆರು ಸಲ ರಿಪೇರಿ ಮಾಡಿದ್ದು. ವಯಸ್ಸಿನಲ್ಲಿ ನನಗಿಂತ ಏಳು ವರ್ಷ ದೊಡ್ಡವನು. ಆದರೂ ಇಷ್ಟು ವರ್ಷ ಒಂದೇ ಕೆಟಲಿನ ಚಹಾ ಕುಡಿದವರ ನಡುವೆ ಹೋಗಿ ಬನ್ನಿ ಎಂಬ ಮರ್ಯಾದೆ ಉಳಿಯುವುದಿಲ್ಲ.

“ನ್ಯಾಬೊ, ಈ ನಾಲ್ಕನೇದು ಏನು ಹೇಳುತ್ತೆ?” ಎಂದು ಕೇಳುತ್ತಿದ್ದ. ನ್ಯಾಬೊ ಅಂದರೆ ಅಮ್ಮಾವ್ರೇ ಅಂದಹಾಗೆ. ನನ್ನನ್ನು ರೇಗಿಸುವಾಗ ಮಾತ್ರ ಹಾಗೆ ಕರೆಯುತ್ತಿದ್ದ.

“ಬಳಕೆದಾರರ ಅಗತ್ಯ ಅರಿತು ವಿನ್ಯಾಸ ಮಾಡಲು ಶಕ್ತರಾಗುವರು.”

“ಹೋದ ಸಲ ಸಮರ್ಥರಾಗಿದ್ರಲ್ಲ?”

“ಈಗ ಶಕ್ತರಾಗಿದ್ದಾರೆ. ಸುಮ್ನೆ ಗುರುತು ಹಾಕಪ್ಪ, ನಂಗೆ ಮನೆಗೆ ಹೋಗ್ಬೇಕು.”

ಅವನು ಸುಮ್ಮನೆ ಹಾಕುತ್ತಿರಲಿಲ್ಲ. ಆ ಹುಡುಗ ಹತ್ತು ವಾರದಲ್ಲಿ ಏನೇನು ಮಾಡಿದ ಎಂದು ಕಣ್ಣು ಮುಚ್ಚಿ ನೆನೆಸಿಕೊಳ್ಳುತ್ತಿದ್ದ. ಚಹಾ ಆರಿಹೋಗುತ್ತಿತ್ತು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅವನ ಕೈಚಳಕದ ಒಂದು ಗುಟ್ಟನ್ನು ಇಲ್ಲಿ ಹೇಳಲೇಬೇಕು. ರಿಪೇರಿಯಾದ ಯಂತ್ರವನ್ನು ಕಮುಗಾಶಾ ಎಂದೂ ಚೆಂದ ಮಾಡಿ ವಾಪಸ್ ಕೊಡುತ್ತಿರಲಿಲ್ಲ. ಒಳಗೆಲ್ಲ ಹೊಸದು, ಹೊರಗೆ ಕೊಳಕು. ಹರಿದ ಅಂಟುಪಟ್ಟಿಯನ್ನು ಹಾಗೇ ಬಿಡುತ್ತಿದ್ದ. ಕೆಲವು ಸಲ ಒಲೆಯ ಮಸಿಯನ್ನು ಬೆರಳಲ್ಲಿ ತೆಗೆದು ಯಂತ್ರದ ಕೆನ್ನೆಗೆ ಬಳಿದು ಕೊಡುತ್ತಿದ್ದ. ಕೂಸಿಗೆ ದೃಷ್ಟಿಬೊಟ್ಟು ಇಟ್ಟ ಹಾಗೆ.

ಕಾರಣ ಇತ್ತು. ನಮ್ಮ ಆಸ್ಪತ್ರೆಯಲ್ಲಿ ವಾರ್ಡಿನ ಪ್ರತಿ ಸಾಮಾನಿಗೂ ಅಲ್ಲಿನ ಮುಖ್ಯ ಸಿಸ್ಟರ್ ಸಹಿ ಮಾಡಿ ಹೊಣೆ ಹೊತ್ತಿರುತ್ತಾಳೆ. ಒಳ್ಳೆಯ ಯಂತ್ರ ಕೆಟ್ಟರೆ ಅವಳಿಗೆ ಪತ್ರ, ವಿಚಾರಣೆ, ವರ್ಗ. ಹೆರಿಗೆ ವಾರ್ಡಿನ ಸಿಸ್ಟರ್ ಕ್ಯೋಮುಹೆಂಡೊ ಇಂಥದ್ದೇ ಒಂದಕ್ಕೆ ನಾಲ್ಕು ವರ್ಷ ಸರೋವರದ ಆಚೆಯ ಒಂದು ಚಿಕ್ಕ ಕೇಂದ್ರದಲ್ಲಿ ಕೊಳೆತು ಬಂದವಳು. ಅವಳ ಮಕ್ಕಳು ಅಷ್ಟು ವರ್ಷ ಅಜ್ಜಿಯ ಮನೆಯಲ್ಲಿ ಬೆಳೆದರು. ಹೀಗಾಗಿ ಹೊಳೆಯುವ ಯಂತ್ರ ಕಂಡರೆ ಸಿಸ್ಟರುಗಳ ಕೈ ತಾನಾಗಿ ಬೀಗಕ್ಕೆ ಹೋಗುತ್ತದೆ. ಹೊಸದು ಕಪಾಟಿನೊಳಗೆ, ಕೀಲಿ ಎದೆಯ ಹತ್ತಿರ. ಕೆಲಸಕ್ಕೆ ಬರುವುದೆಲ್ಲ, ಕೆಟ್ಟರೂ ಯಾರೂ ಕೇಳದ ಹಳೆಯ ಕೊಳಕು ಡಬ್ಬಿಗಳು.

ಈ ಗುಟ್ಟನ್ನು ಅವನು ನನ್ನನ್ನು ಬಿಟ್ಟು ಬೇರೆ ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಮುಖ್ಯಸ್ಥರ ಕಿವಿಗೆ ಬೀಳುತ್ತದೆ, ಸುತ್ತೋಲೆ ಬರುತ್ತದೆ, ಸಿಸ್ಟರುಗಳ ಮಾನ ಹೋಗುತ್ತದೆ. ಅದರ ಬದಲು ಪ್ರತಿ ವಿದ್ಯಾರ್ಥಿಯನ್ನೂ ಮೊದಲ ವಾರ ಬರಿಗೈಯಲ್ಲಿ ವಾರ್ಡಿನ ಬೆಂಚಿನ ಮೇಲೆ ಕೂರಿಸುತ್ತಿದ್ದ. ಬೆಳಿಗ್ಗೆಯಿಂದ ಸಂಜೆಯವರೆಗೆ. ಏನೂ ಮುಟ್ಟಬಾರದು, ನೋಡಬೇಕು. ಜಾಣರು ಮೂರನೇ ದಿನಕ್ಕೆ ಬಂದು, “ಸೆಬೊ, ಒಳ್ಳೇದೆಲ್ಲ ಕಪಾಟಲ್ಲಿದೆ,” ಎನ್ನುತ್ತಿದ್ದರು. ಸೆಬೊ ಅಂದರೆ ಅಯ್ಯಾ. ದಡ್ಡರು ಏಳನೇ ದಿನಕ್ಕೆ ಬರುತ್ತಿದ್ದರು. ಆಮೇಲೆ ಅವರ ಕೈಗೆ ಸ್ಕ್ರೂಡ್ರೈವರ್ ಕೊಡುತ್ತಿದ್ದ.

ಅವನ ನಿವೃತ್ತಿಗೆ ಹತ್ತು ತಿಂಗಳಿದ್ದಾಗ ರಾಜಧಾನಿಯಿಂದ ಪತ್ರ ಬಂತು. ಪದವಿಗಳಿಗೆ ಮಾನ್ಯತೆ ಕೊಡುವ ಸಮಿತಿ ನಮ್ಮಲ್ಲಿಗೆ ಬರುತ್ತದೆ, ಗೋಡೆಯ ಮೇಲಿನ ಫಲಿತಾಂಶ ಆಸ್ಪತ್ರೆಯಲ್ಲೂ ಇದೆಯೇ ಎಂದು ನೋಡುತ್ತದೆ. ಕೊನೆಯಲ್ಲಿ ಇನ್ನೊಂದು ಸಾಲು: ಪದವಿಯಿಲ್ಲದವರ ಸಹಿ ಮುಂದುವರಿಯಬೇಕೋ ಬೇಡವೋ ಎಂಬುದನ್ನು ಅವರ ಕೆಲಸ ನೋಡಿ ತೀರ್ಮಾನಿಸಲಾಗುವುದು. ನಾನು ಅದನ್ನು ಅವನಿಗೆ ಓದಿ ಹೇಳಿದೆ. ಅವನು ಲೋಟ ಕೆಳಗಿಟ್ಟ.

“ಇನ್ನು ಹತ್ತು ತಿಂಗಳು. ಅಷ್ಟೂ ಕಾಯೋಕಾಗಲ್ವಾ ಅವ್ರಿಗೆ?” ಅಂದ.

ನಮ್ಮ ಮುಖ್ಯಸ್ಥರಾದ ಡಾಕ್ಟರ್ ಕಟೂರೆಬೆ ಕೆಟ್ಟವರಲ್ಲ. ಬರೀ ಹೆದರಿಕೊಂಡವರು. ಮೊದಲು ಅವರು ಕತ್ತರಿ ಹಾಕಿದ್ದು ಬೆಂಚಿನ ವಾರಕ್ಕೆ.

“ಒಂದು ವಾರ ಸುಮ್ನೆ ಕೂತಿರೋದು ಯಾವ ಫಲಿತಾಂಶಕ್ಕೆ ಬರುತ್ತೆ ಹೇಳಿ?” ಎಂದು ಕೇಳಿದರು. “ಹನ್ನೊಂದರಲ್ಲಿ ಎಲ್ಲಿದೆ? ಸಮಿತಿಯವರು ಬರೋ ಹೊತ್ತಿಗೆ ಏನಾದ್ರೂ ಕಣ್ಣಿಗೆ ಕಾಣೋ ಹಾಗಿರಬೇಕು.”

ಕಮುಗಾಶಾ ವಾದ ಮಾಡಲಿಲ್ಲ. ಆ ವರ್ಷ ಅವನ ಮಂಡಿ ಬಾತುಕೊಂಡಿತ್ತು, ಆಸ್ಪತ್ರೆಯ ಇಳಿಜಾರು ಹತ್ತುವಾಗ ಎರಡು ಸಲ ನಿಲ್ಲುತ್ತಿದ್ದ. ನಾನೂ ಬಾಯಿ ಬಿಡಲಿಲ್ಲ. ನನ್ನ ಕೆಲಸ ಟೈಪ್ ಮಾಡುವುದು, ಮಾಡಿದೆ.

ಆ ಸಲ ಬಂದವರಲ್ಲಿ ಕೆಂಗಾಂಜಿ ಎಂಬ ಹುಡುಗಿ ಇದ್ದಳು. ಚುರುಕು ಅಂದರೆ ಚುರುಕು. ಅವಳ ಪಾಲಿಗೆ ಹೆರಿಗೆ ವಾರ್ಡಿನ ಹೀರುಯಂತ್ರ ಬಂತು. ಹುಟ್ಟಿದ ಕೂಸಿನ ಗಂಟಲು ಕಟ್ಟಿದ್ದರೆ ಒಳಗಿನ ಹೊಲಸನ್ನು ಕೊಳವೆಯಿಂದ ಎಳೆದು ತೆಗೆಯುವುದು ಅದೇ. ನಮ್ಮಲ್ಲಿ ಕರೆಂಟು ಹೋಗದ ದಿನವಿಲ್ಲ. ಕರೆಂಟು ಹೋದಾಗ ಕಾಲಲ್ಲಿ ತುಳಿದು ನಡೆಸಲು ಅವಳು ಹಳೆಯ ಸೈಕಲ್ಲಿನ ಪೆಡಲು, ಲಾರಿಯ ರಬ್ಬರು ಸೇರಿಸಿ ಒಂದು ತುಳಿಪಂಪು ಕಟ್ಟಿದಳು. ಮೊದಲ ಸಲ ತುಳಿದಾಗ ಬಕೆಟ್ಟಿನ ನೀರು ಗಟಗಟ ಎಂದು ಮೇಲೆ ಬಂತು. ಕಮುಗಾಶಾ ಅದನ್ನು ಎಂಟು ಸಲ ತುಳಿದು ನೋಡಿದ. ಆ ಶುಕ್ರವಾರ ನನ್ನ ಹತ್ತಿರ ಅವಳನ್ನು ಬಿಟ್ಟು ಬೇರೆ ಮಾತಾಡಲಿಲ್ಲ.

ಸಮಿತಿ ಬರುವ ನಾಲ್ಕು ದಿನ ಮುಂಚೆ ಅವಳು ಬಣ್ಣದ ಡಬ್ಬ ಹಿಡಿದು ರಿಪೇರಿ ಕೋಣೆಗೆ ಬಂದಳು. ಮುಖ್ಯಸ್ಥರ ಕಾಗದಕ್ಕೆ ಸಹಿ ಹಾಕಿಸಲು ನಾನೂ ಆಗ ಅಲ್ಲೇ ಇದ್ದೆ.

“ಬಣ್ಣ ಬೇಡ,” ಅಂದ ಕಮುಗಾಶಾ.

“ಯಾಕೆ ಸೆಬೊ?”

“ಬೇಡ ಅಂದ್ರೆ ಬೇಡ. ಹಾಗೇ ಚೆನ್ನಾಗಿದೆ.”

“ಏಳನೇ ಫಲಿತಾಂಶ ನೋಡಿ, ವೃತ್ತಿಗೆ ತಕ್ಕ ಅಚ್ಚುಕಟ್ಟು ಅಂತಿದೆ. ಈ ತುಕ್ಕು ನೋಡಿದ್ರೆ ನಂಗೆ ಅಂಕ ಕೊಡ್ತಾರಾ? ನಿಮ್ಮ ಬಗ್ಗೇನೂ ಏನಂದ್ಕೋತಾರೆ? ಈ ಹುಡುಗಿಗೆ ಕಲಿಸಿದವ್ರು ಇವ್ರೇನಾ ಅಂತಾರೆ.”

ಅವನು ಅವಳ ಮುಖ ನೋಡಿದ. ಕುರ್ಚಿಯ ಮೇಲೆ ಕೂತ, ಮಂಡಿ ಉಜ್ಜಿಕೊಂಡ. ಹೇಳುವುದಿದ್ದದ್ದು ನಾಲ್ಕೈದು ಮಾತು ಅಷ್ಟೇ. ಕಪಾಟು, ಕೀಲಿ, ಸಿಸ್ಟರಿನ ನಾಲ್ಕು ವರ್ಷ. ನನಗೂ ಗೊತ್ತಿದ್ದ ಮಾತು, ನಾನೂ ಹೇಳಬಹುದಿತ್ತು. ಹೊರಗೆ ರೋಗಿಗಳ ಕಡೆಯವರು ಇದ್ದಿಲಿನ ಮೇಲೆ ಬಾಳೆಕಾಯಿಯ ಮಟೋಕೆ ಬೇಯಿಸುತ್ತಿದ್ದರು, ಹೊಗೆ ಒಳಗೆ ನುಗ್ಗುತ್ತಿತ್ತು.

“ಹೋಗ್ಲಿ, ಹಚ್ಕೋ,” ಅಂದ.

ಅವಳು ಆಕಾಶನೀಲಿ ಹಚ್ಚಿದಳು. ಪೆಡಲಿಗೆ ಹಳದಿ.

ಸಮಿತಿಯ ಮೂವರು ಬಂದರು. ಮೊದಲಿಗೇ ಗೋಡೆಯ ಕಡತದ ಫೋಟೋ ತೆಗೆದುಕೊಂಡರು, ಓದಲಿಲ್ಲ. ಹೆರಿಗೆ ವಾರ್ಡಿನಲ್ಲಿ ನೀಲಿ ಯಂತ್ರದ ಮುಂದೆ ನಿಂತು ಒಬ್ಬೊಬ್ಬರಾಗಿ ಪೆಡಲು ತುಳಿದರು. ಹಿರಿಯರಾದವರು ಕಮುಗಾಶಾನ ಕೈ ಕುಲುಕಿ, “ಫಲಿತಾಂಶ ಅಂದ್ರೆ ಇದು ನೋಡಿ,” ಅಂದರು. ಅವನ ಸಹಿ ನಿವೃತ್ತಿಯವರೆಗೂ ನಡೆಯುತ್ತದೆ ಎಂದು ಹೊರಡುವ ಮುನ್ನವೇ ಬಾಯಿಮಾತಿನಲ್ಲಿ ಹೇಳಿದರು. ಡಾಕ್ಟರ್ ಕಟೂರೆಬೆ ಎಲ್ಲರಿಗೂ ಸೋಡಾ ತರಿಸಿದರು. ಕಮುಗಾಶಾ ಇಸ್ತ್ರಿ ಅಂಗಿಯಲ್ಲಿ ಫೋಟೋಗೆ ನಿಂತ, ನಕ್ಕ. ಅಂದು ನನಗೂ ನಿಜಕ್ಕೂ ಸಂತೋಷವಾಯಿತು.

ಸಮಿತಿಯ ಗಾಡಿ ಗೇಟು ದಾಟಿತು. ಸಿಸ್ಟರ್ ಕ್ಯೋಮುಹೆಂಡೊ ನೀಲಿ ಯಂತ್ರಕ್ಕೆ ಬಟ್ಟೆ ಹೊದಿಸಿ ಕಪಾಟಿನೊಳಗಿಟ್ಟು ಬೀಗ ಹಾಕಿದಳು.

ಮೂರು ವಾರ ಕಳೆಯಿತು. ಒಂದು ಗುರುವಾರ, ಮಟಮಟ ಮಧ್ಯಾಹ್ನ. ಆಸ್ಪತ್ರೆಯ ಅಡುಗೆಯವನ ತಾಯಿ ತೀರಿಕೊಂಡಿದ್ದಳು, ಮಣ್ಣಿಗೆ ಅರ್ಧ ಆಸ್ಪತ್ರೆಯೇ ಹೋಗಿತ್ತು. ಮಣ್ಣಿಗೆ ಹೋಗದವರನ್ನು ನಮ್ಮಲ್ಲಿ ಹತ್ತು ವರ್ಷ ನೆನಪಿಟ್ಟುಕೊಳ್ಳುತ್ತಾರೆ. ಸಿಸ್ಟರ್ ಕ್ಯೋಮುಹೆಂಡೊ ಕೂಡ ಹೋಗಿದ್ದಳು, ಕೀಲಿ ಅವಳ ಚೀಲದಲ್ಲಿತ್ತು. ವಾರ್ಡಿನಲ್ಲಿ ಒಬ್ಬಳೇ ಸೂಲಗಿತ್ತಿ. ಆಗ ಒಬ್ಬ ಹೆಂಗಸಿಗೆ ಹೆಣ್ಣುಕೂಸು ಹುಟ್ಟಿತು, ಅಳಲಿಲ್ಲ. ಗಂಟಲ ತುಂಬ ಹೊಲಸು ಕಟ್ಟಿಕೊಂಡಿತ್ತು. ವಾರ್ಡಿನ ಇನ್ನೊಂದು ಹಳೆಯ ಹೀರುಯಂತ್ರಕ್ಕೆ ಬೇಕಾದ ಕರೆಂಟು ಬೆಳಗಿನಿಂದ ಇರಲಿಲ್ಲ.

ಕೆಂಗಾಂಜಿ ತನ್ನ ವರದಿಗೆ ಕೊನೆಯ ಅಳತೆ ಬರೆದುಕೊಳ್ಳಲು ಅಲ್ಲಿಗೆ ಬಂದಿದ್ದಳು. ಕಪಾಟಿನ ಗಾಜಿನಿಂದ, ಹೊದಿಸಿದ ಬಟ್ಟೆಯ ಕೆಳಗೆ, ತನ್ನ ಯಂತ್ರದ ಹಳದಿ ಪೆಡಲು ಕಾಣುತ್ತಿತ್ತು. ಬೀಗ ಎಳೆದಳು, ಒದ್ದಳು. ಗಾಜಿನ ಹಿಂದೆ ಕಬ್ಬಿಣದ ಸರಳು. ಇಳಿಜಾರಿನಲ್ಲಿ ಓಡಿ ಹೋಗಿ ಕಮುಗಾಶಾನನ್ನು ಕೂಗಿದಳು. ಅವನು ಹಾರೆ ಹಿಡಿದು ಆ ಕೆಟ್ಟ ಮಂಡಿಯಲ್ಲೇ ಓಡಿ ಬಂದ, ಈ ಸಲ ದಾರಿಯಲ್ಲಿ ನಿಲ್ಲಲಿಲ್ಲ. ಒಂದೇ ಏಟಿಗೆ ಬಾಗಿಲು ಕಿತ್ತ. ಅವಳು ತುಳಿದಳು, ಸೂಲಗಿತ್ತಿ ಕೊಳವೆ ಹಿಡಿದಳು. ಯಂತ್ರ ಕೆಲಸ ಮಾಡಿತು, ಎಳ್ಳಷ್ಟೂ ಕೊರತೆಯಿಲ್ಲದೆ ಮಾಡಿತು.

ಕೂಸು ಅತ್ತಿತು. ತಡವಾಗಿ, ಸಣ್ಣಗೆ. ಎಷ್ಟು ತಡ ಎಂದು ಯಾರೂ ಗಡಿಯಾರ ನೋಡಿರಲಿಲ್ಲ. ಸೂಲಗಿತ್ತಿ ಐದು ನಿಮಿಷ ಅಂದಳು, ಕೆಂಗಾಂಜಿ ಎಂಟು ಅಂದಳು.

ಮರುದಿನ ಸಿಸ್ಟರ್ ಕ್ಯೋಮುಹೆಂಡೊ ಮುರಿದ ಕಪಾಟಿನ ಮುಂದೆ ನಿಂತು ಅತ್ತಳು. “ನಾನೇನು ಬೇಕು ಅಂತ ಇಟ್ಟೆನಾ? ಯಾರಾದ್ರೂ ಬಂದು ಮುರಿದ್ರೆ ನನ್ನನ್ನೇ ತಾನೆ ಆಚೆ ದಡಕ್ಕೆ ಕಳ್ಸೋದು? ಆಗ ನನ್ನ ಮಕ್ಕಳನ್ನ ನೀವು ಸಾಕ್ತೀರಾ?”

“ಯಾರೂ ನಿನ್ನನ್ನ ಕಳ್ಸಲ್ಲ,” ಅಂದ ಕಮುಗಾಶಾ. “ತಪ್ಪು ನಿಂದಲ್ಲ.”

ಅವನು ಅಲ್ಲಿಂದ ನೇರ ನನ್ನ ಕೋಣೆಗೆ ಬಂದ. ಚಹಾ ಬೇಡ ಅಂದ. ಸಮಿತಿಗೆ ಒಂದು ಪತ್ರ ಟೈಪ್ ಮಾಡಬೇಕು, ಅದರ ಪ್ರತಿ ಆಸ್ಪತ್ರೆಯ ಆಡಳಿತಕ್ಕೆ, ತಾನು ಹೇಳುತ್ತೇನೆ ಅಂದ. ಹೇಳಿದ್ದು ಇಷ್ಟು: ‘ಬಣ್ಣ ಹಚ್ಚಿದ ಯಂತ್ರವನ್ನು ಬೀಗದೊಳಗೆ ಇಡುತ್ತಾರೆಂದು ನನಗೆ ಮೂವತ್ತು ವರ್ಷದಿಂದ ಗೊತ್ತು. ವಿದ್ಯಾರ್ಥಿನಿಗೆ ಗೊತ್ತಿರಲಿಲ್ಲ, ನಾನು ಹೇಳಲಿಲ್ಲ. ಇಟ್ಟವರದ್ದು ತಪ್ಪಲ್ಲ, ಕೆಟ್ಟರೆ ಅವರನ್ನು ಶಿಕ್ಷಿಸುವ ನಿಯಮದ ತಪ್ಪು. ಹೇಳದೆ ಇದ್ದದ್ದು ಮಾತ್ರ ನನ್ನ ತಪ್ಪು.’

ನಾನು ಬೆರಳು ಎತ್ತಿದೆ. “ಹುಚ್ಚಾ ನಿಂಗೆ? ಇದು ಹೋದ್ರೆ ಸಹಿ ಹೋಗುತ್ತೆ. ಇನ್ನೆಷ್ಟು ತಿಂಗಳು, ಏಳೋ ಎಂಟೋ. ಕೂಸು ಬದುಕಿದೆಯಲ್ಲ ಮಾರಾಯ.”

“ಬದುಕಿದೆ.”

“ಮತ್ತೆ?”

“ನಂಗೆ ಸುಸ್ತಾಗಿತ್ತು ಜೋವಿಯಾ. ಅಷ್ಟೇ ಕಾರಣ. ಹೇಳೋಕೆ ಸುಸ್ತಾಗಿತ್ತು.” ನನ್ನ ಹೆಸರು ಹಿಡಿದು ಅವನು ಕರೆಯುವುದು ಅಪರೂಪ. “ಪತ್ರ ಹೋಗದಿದ್ರೆ ಸಿಸ್ಟರನ್ನೇ ಮತ್ತೆ ಆಚೆ ದಡಕ್ಕೆ ಕಳಿಸ್ತಾರೆ. ಟೈಪ್ ಮಾಡು.”

ನಾನು ಎರಡು ದಿನ ಮಾಡಲಿಲ್ಲ. ಪ್ರಿಂಟರಿಗೆ ರಿಬ್ಬನ್ ಇಲ್ಲ, ಕಂಪ್ಯೂಟರ್ ಕೆಟ್ಟಿದೆ ಎಂದೆಲ್ಲ ಸಬೂಬು ಹೇಳಿದೆ. ಮೂರನೇ ದಿನ ಅವನು ಸ್ಕ್ರೂಡ್ರೈವರ್ ಹಿಡಿದು ಬಂದು, “ಕಂಪ್ಯೂಟರ್ ಕೆಟ್ಟಿದೆಯಂತಲ್ಲ ನ್ಯಾಬೊ, ತೋರ್ಸು,” ಅಂದ. ನನಗೆ ಸಿಟ್ಟು ಬಂತು, ಅಳು ಬಂತು. ಟೈಪ್ ಮಾಡಿದೆ.

ಕೆಂಗಾಂಜಿಯ ಪುಸ್ತಕಕ್ಕೆ ಅವನು ಅದೇ ವಾರ ಸಹಿ ಮಾಡಿದ. ಅವಳು ತಲೆ ತಗ್ಗಿಸಿ ನಿಂತಿದ್ದಳು. ನಾಲ್ಕನೆಯದರ ಹತ್ತಿರ ಅವಳೇ ಪುಸ್ತಕದ ಮೇಲೆ ಕೈ ಅಡ್ಡ ಇಟ್ಟಳು.

“ಇದಕ್ಕೆ ಬೇಡ ಸೆಬೊ. ಬಳಕೆದಾರರ ಅಗತ್ಯ ಅರಿತು ಅಂತಿದೆ. ನಂಗೆ ಅರ್ಥ ಆಗಿರ್ಲಿಲ್ಲ.”

“ಈಗ ಆಗಿದೆಯಾ?”

“ಆಗಿದೆ.”

“ಕೈ ತೆಗಿ ಹಾಗಾದ್ರೆ.” ಗುರುತು ಹಾಕಿದ. ಅದೇ ಅವನ ಕೊನೆಯ ಸಹಿ.

ಐದು ವಾರಕ್ಕೆ ಉತ್ತರ ಬಂತು. ಪ್ರಾಮಾಣಿಕತೆಗೆ ಮೆಚ್ಚುಗೆ, ಆದರೆ ಇನ್ನು ಮುಂದೆ ಪದವಿ ಪಡೆದವರೇ ಸಹಿ ಮಾಡತಕ್ಕದ್ದು. ಸಿಸ್ಟರ್ ಕ್ಯೋಮುಹೆಂಡೊಳಿಗೆ ಆಸ್ಪತ್ರೆಯಿಂದ ಒಂದು ಎಚ್ಚರಿಕೆ ಪತ್ರ, ವರ್ಗವಿಲ್ಲ. ನಿಯಮದ ಬಗ್ಗೆ ಒಂದಕ್ಷರವೂ ಇಲ್ಲ. ಕಮುಗಾಶಾ ಉಳಿದ ತಿಂಗಳು ಬರೀ ರಿಪೇರಿ ಮಾಡಿದ. ಊರಿನವರು ಹಳೆಯ ಅಭ್ಯಾಸಕ್ಕೆ ಒಮುಶೊಮೇಸಾ ಎಂದು ಕೂಗಿದರೆ ತಿರುಗುತ್ತಿರಲಿಲ್ಲ. ಶುಕ್ರವಾರ ಚಹಾಕ್ಕೆ ಬರುತ್ತಿದ್ದ, ಬಿಸಿ ಇರುವಾಗಲೇ ಕುಡಿದು ಏಳುತ್ತಿದ್ದ.

ತಿಂಗಳಿಗೊಂದು ಶನಿವಾರ ಅವನು ಎಲ್ಲಿಗೋ ಹೋಗುತ್ತಾನೆ ಎಂದು ಅವನ ಹೆಂಡತಿಯೇ ನನಗೆ ಹೇಳಿದಳು. ಕೊನೆಗೊಂದು ಶನಿವಾರ ನಾನೂ ಬರುತ್ತೇನೆ ಅಂದೆ. ಒಂದೇ ಬಾಡಿಗೆಯ ಬೋಡಾ ಬೈಕಿನಲ್ಲಿ ಸವಾರನ ಹಿಂದೆ ಇಬ್ಬರೂ ಕೂತು, ಬಾಳೆತೋಟಗಳ ನಡುವೆ ಒಂದು ಗಂಟೆ ಕೆಂಪು ಧೂಳು ಕುಡಿದು ಹೋದೆವು. ಆ ಕೂಸಿನ ಮನೆ. ಅದಕ್ಕೆ ಆರು ತಿಂಗಳು ತುಂಬಿತ್ತು.

ಅಜ್ಜಿ ಅಂಗಳದಲ್ಲಿ ಚಾಪೆ ಹಾಸಿದಳು. “ಬನ್ನಿ ಒಮುಶೊಮೇಸಾ, ಕೂತ್ಕೊಳ್ಳಿ,” ಅಂದಳು.

“ಅಯ್ಯೋ ಬೇಡಮ್ಮ, ನಾನು ಬರೀ ರಿಪೇರಿಯವ್ನು,” ಅಂದ.

ನಮಗೆ ರಾಗಿಯ ಬುಶೇರಾ ಕುಡಿಯಲು ಕೊಟ್ಟರು. ಕೂಸನ್ನು ಅವನ ಮುಂದೆ ಕೂರಿಸಿದರು. ಕತ್ತು ಚೆನ್ನಾಗಿ ನಿಂತಿತ್ತು, ಅವನನ್ನು ಕಂಡು ಬೊಚ್ಚುಬಾಯಿ ತೆರೆದು ನಕ್ಕಿತು. ಕಮುಗಾಶಾ ಜೇಬಿನಿಂದ ದಾರಕ್ಕೆ ಪೋಣಿಸಿದ ಹೊಳೆಯುವ ನಟ್ಟುಗಳನ್ನು ತೆಗೆದು ಅದರ ಬಲಗಡೆ ಅಲ್ಲಾಡಿಸಿದ. ಕೂಸು ನೋಡಿತು. ಎಡಗೈಯನ್ನು ಎದೆಯ ಅಡ್ಡಕ್ಕೆ ತಂದು ಹಿಡಿಯಿತು. ಬಲಗೈ ಮುಷ್ಟಿಕಟ್ಟಿ ತೊಡೆಯ ಹತ್ತಿರವೇ ಇತ್ತು. ಅವನು ಬಿಡಿಸಿಕೊಂಡು ಮತ್ತೆ ಬಲಗಡೆ ಅಲ್ಲಾಡಿಸಿದ. ಮತ್ತೆ ಎಡಗೈ.

“ಎಡಗೈಯವ್ರೂ ಇರ್ತಾರಲ್ಲ,” ಅಂದೆ ನಾನು.

“ಇರ್ತಾರೆ. ಆರು ತಿಂಗಳಿಗೇ ಗೊತ್ತಾಗಲ್ಲ,” ಅಂದ. ಆ ಪುಟ್ಟ ಬಲಮುಷ್ಟಿಯನ್ನು ತನ್ನ ಅಂಗೈಯಲ್ಲಿಟ್ಟುಕೊಂಡು ಒಂದೊಂದೇ ಬೆರಳನ್ನು ಬಿಡಿಸಿದ. ಬಿಟ್ಟ ಕೂಡಲೇ ಅದು ಮತ್ತೆ ಮುಚ್ಚಿಕೊಂಡಿತು. ಅವನು ಮತ್ತೆ ಬಿಡಿಸಿದ. ನಾವು ಹೊರಡುವವರೆಗೂ ಅದನ್ನೇ ಮಾಡುತ್ತಿದ್ದ. ವಾಪಸ್ ದಾರಿಯುದ್ದಕ್ಕೂ ಅವನ ಬೆನ್ನಿಗೆ ಆತು ಕೂತಿದ್ದೆ. ಅಂದು ಆ ಕೋಣೆಯಲ್ಲಿ ಬಣ್ಣದ ಡಬ್ಬ ನೋಡಿ ಸುಮ್ಮನಿದ್ದವಳು ನಾನೂ ಹೌದಲ್ಲ.

ಅವನು ನಿವೃತ್ತನಾದ ಮೇಲೆ ಡಾಕ್ಟರ್ ಕಟೂರೆಬೆ ಗುರಿಗಳ ಕಡತ ಕೊಟ್ಟರು, ಐದನೇ ಸಲ. ‘ಶಕ್ತರಾಗುವರು’ ಈಗ ‘ಪರಿಣತರಾಗುವರು’ ಆಗಬೇಕಿತ್ತು. ನಾನು ಹನ್ನೊಂದನ್ನೂ ತಿದ್ದಿದೆ. ಆಮೇಲೆ ಯಾರನ್ನೂ ಕೇಳದೆ ಹನ್ನೆರಡನೆಯದೊಂದನ್ನು ಸೇರಿಸಿದೆ. ಮುಖ್ಯಸ್ಥರು ಸಹಿ ಮಾಡಿದರು, ಸಮಿತಿ ಮೊಹರು ಹಾಕಿತು, ಪ್ಲಾಸ್ಟಿಕ್ ಹೊದಿಸಿ ಗೋಡೆಗೆ ಅಂಟಿಸಿದರು. ಯಾರೂ ಓದಲಿಲ್ಲ, ಹಾಗಾಗಿ ಅದು ಉಳಿದುಕೊಂಡಿತು.

ಮುಂದಿನ ವರ್ಷ ಪದವಿ ಪಡೆದವರೇ ಬೇಕು ಎಂಬ ನಿಯಮದಂತೆ ಆಸ್ಪತ್ರೆಯ ಹತ್ತು ವಾರಕ್ಕೆ ಕೆಂಗಾಂಜಿಯನ್ನು ನೇಮಿಸಿದರು. ಮೊದಲ ದಿನ ಅವಳು ವಿದ್ಯಾರ್ಥಿಗಳನ್ನು ಸಾಲಾಗಿ ಕರೆದುಕೊಂಡು ಮೆಟ್ಟಿಲು ಇಳಿಯುತ್ತಿದ್ದವಳು ಗೋಡೆಯ ಮುಂದೆ ನಿಂತಳು. ತಾನು ನಾಲ್ಕು ವರ್ಷ ಪಕ್ಕದಲ್ಲೇ ಓಡಾಡಿದ ಗೋಡೆ. ಕೆಳಗಿನ ಸಾಲಿಗೆ ಬಂದಾಗ ಬಾಗಿ ನೋಡಿದಳು, ತಿರುಗಿ ನನ್ನ ಬಾಗಿಲ ಕಡೆ ನೋಡಿದಳು. ನಾನು ಕೆಟಲಿಗೆ ನೀರು ತುಂಬುತ್ತಿದ್ದವಳ ಹಾಗೆ ಮುಖ ತಿರುಗಿಸಿದೆ.

“ಇದನ್ನ ಗಟ್ಟಿಯಾಗಿ ಓದು,” ಎಂದು ಮುಂದಿದ್ದ ಹುಡುಗಿಗೆ ಹೇಳಿದಳು.

ಆ ಹುಡುಗಿ ಓದಿದಳು: “ಹನ್ನೆರಡು. ಯಂತ್ರವನ್ನು ವಾಪಸ್ ಕೊಡುವ ಮೊದಲು, ಇದು ಕೆಟ್ಟರೆ ಶಿಕ್ಷೆ ಯಾರಿಗೆ ಎಂದು ಕೇಳುವರು.”

“ಇನ್ನೊಂದ್ಸಲ,” ಅಂದಳು ಕೆಂಗಾಂಜಿ. ಆಮೇಲೆ ಅವರನ್ನು ಬರಿಗೈಯಲ್ಲಿ ವಾರ್ಡಿನ ಬೆಂಚಿಗೆ ಕರೆದುಕೊಂಡು ಹೋದಳು.